ಮೂರು ತಂತಿಯೋ ಮೂರು ಪಿಟೀಲೋ

ದೊಡ್ಡಪ್ಪ (ಬಹಳ ಸಲ ಫಾರ್ವರ್ಡ್ ಆದದ್ದು): ಹದಿನಾಲ್ಕು ವರ್ಷದ ಜಪಾನಿ ಹುಡುಗಿಯೊಬ್ಬಳು ಅಮೆರಿಕದ ಸಂಗೀತೋತ್ಸವದಲ್ಲಿ ಪರದೇಶದ ವಾದ್ಯವೃಂದದೊಡನೆ ನುಡಿಸುತ್ತಿದ್ದಾಗ ಪಿಟೀಲಿನ ತಂತಿ ಹರಿದರೂ ಎದೆಗುಂದದೆ ಉಳಿದ ಮೂರೇ ತಂತಿಗಳಲ್ಲಿ ಕಛೇರಿ ಮುಗಿಸಿದಳು.

ದೊಡ್ಡಪ್ಪ: ನೆಟ್‌ವರ್ಕ್ ಹೋದರೆ ಊಟ ಬಿಡುವ ನಮ್ಮ ಮನೆಯ ಮಕ್ಕಳು ಇದನ್ನು ಎರಡು ಸಲ ಓದತಕ್ಕದ್ದು.

ಅತ್ತೆ: ಕಣ್ಣು ತುಂಬಿ ಬಂತು, ಅಣ್ಣ.

ನಾನು: ದೊಡ್ಡಪ್ಪ, ಇದರಲ್ಲಿ ಎರಡು ಕಥೆಗಳು ಬೆರೆತಿವೆ. ಮೂರು ತಂತಿಯ ಕಥೆ ಖ್ಯಾತ ಪಿಟೀಲುವಾದಕ ಇಟ್ಜಾಕ್ ಪರ್ಲ್‌ಮನ್ ಹೆಸರಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅದು ನಡೆದದ್ದಕ್ಕೆ ಆಧಾರ ಸಿಕ್ಕಿಲ್ಲ. ಹುಡುಗಿಯ ಕಥೆ ಮಾತ್ರ ನಿಜ. ಆಕೆ ಮಿಡೋರಿ, ದಿನ 1986ರ ಜುಲೈ 26, ಸ್ಥಳ ಮ್ಯಾಸಚೂಸೆಟ್ಸ್‌ನ ಟ್ಯಾಂಗಲ್‌ವುಡ್. ವಾದ್ಯವೃಂದ ಬಾಸ್ಟನ್ ಸಿಂಫನಿ, ಟ್ಯಾಂಗಲ್‌ವುಡ್ ಅದರ ಬೇಸಿಗೆಯ ಮನೆ, ಆದ್ದರಿಂದ ಅಲ್ಲಿ ಅತಿಥಿಯಾಗಿದ್ದವಳು ಹುಡುಗಿಯೇ. ಅಮೆರಿಕದ ಸಂಗೀತಗಾರ ಬರ್ನ್‌ಸ್ಟೈನ್ 1954ರಲ್ಲಿ ರಚಿಸಿದ 'ಸೆರೆನೇಡ್' ಕೃತಿಯನ್ನು ಅವರದೇ ನಿರ್ದೇಶನದಲ್ಲಿ ನುಡಿಸುತ್ತ ಐದನೆಯ, ಅಂದರೆ ಕೊನೆಯ ಭಾಗಕ್ಕೆ ಬಂದಾಗ ಅತ್ಯಂತ ತೆಳುವಾದ 'ಇ' ತಂತಿ ಹರಿಯಿತು. ಆಕೆ ವೃಂದದ ಮೊದಲ ಪಿಟೀಲುವಾದಕರ ಸ್ಟ್ರಾಡಿವೇರಿಯಸ್ (ಇಟಲಿಯ ಹಳೆಯ, ಬಹು ಬೆಲೆಯ ಪಿಟೀಲು) ತೆಗೆದುಕೊಂಡು ಮುಂದುವರಿಸಿದಳು. ಅದರ 'ಇ' ತಂತಿಯೂ ಹರಿಯಿತು. ಅವರ ಪಕ್ಕದವರ ಗ್ವಾಡಾನೀನಿ (ಅಂಥದ್ದೇ ಇನ್ನೊಂದು ಪಿಟೀಲು) ಪಡೆದು ಮುಗಿಸಿದಳು. ಆಕೆಯ ಸ್ವಂತ ಪಿಟೀಲು ಪೂರ್ಣ ಅಳತೆಯದಲ್ಲ, ಎರಡು ಸಲವೂ ಕೈಗೆ ಬಂದದ್ದು ಅದಕ್ಕಿಂತ ದೊಡ್ಡದು, ಹಾಗಾಗಿ ಬೆರಳಿಡುವ ಅಂತರವನ್ನೇ ಆ ಕ್ಷಣದಲ್ಲಿ ಬದಲಿಸಿಕೊಳ್ಳಬೇಕಾಯಿತು. ನ್ಯೂಯಾರ್ಕ್ ಟೈಮ್ಸ್ ಮುಖಪುಟದ ಶೀರ್ಷಿಕೆಯಲ್ಲಿದ್ದದ್ದು ಮೂರು ಪಿಟೀಲು, ಮೂರು ತಂತಿಯಲ್ಲ.

ದೊಡ್ಡಪ್ಪ: ಮೂರು ಎಂಬುದಂತೂ ಸರಿಯಾಯಿತಲ್ಲ. ಹಿರಿಯರು ಬಾಯಿ ತೆರೆದರೆ ಆಧಾರ ಕೇಳುವ ಚಟ ನಿನಗೆ ನಿನ್ನ ತಂದೆಯಿಂದಲೇ ಬಂದದ್ದು. ಜಮೀನಿನ ಪಾಲಿನ ದಿನವೂ ಅವನು ಹೀಗೆಯೇ ಪಹಣಿ ಹಿಡಿದು ನಿಂತಿದ್ದ.

ಮೈಸೂರಿನ ಭಾವ: ತಂತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ತಿರುಮಕೂಡಲಿನ ಚೌಡಯ್ಯನವರು ಏಳು ತಂತಿಯ ಪಿಟೀಲು ಹಿಡಿದದ್ದು ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು. ಅಜ್ಜ ನಮ್ಮನ್ನು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನಕ್ಕೆ ರಾಮನವಮಿಯ ಕಛೇರಿಗಳಿಗೆ ಕರೆದೊಯ್ದು, ನಾವು ತೂಕಡಿಸಿದಾಗಲೆಲ್ಲ ತೊಡೆ ಚಿವುಟುತ್ತಿದ್ದರು. ಮನೆಗೆ ಬಂದೊಡನೆ ತಮ್ಮ ಪಿಟೀಲು ತೆಗೆದು ಶ್ರುತಿ ಮಾಡುತ್ತಿದ್ದರು.

ಚಿಕ್ಕಮ್ಮ: ಅಜ್ಜನ ಪಿಟೀಲನ್ನು ನೆನಪಿಸಿದ್ದು ಒಳ್ಳೆಯದಾಯಿತು. ಅಲ್ಲಿ ಆ ದೊಡ್ಡ ವಿದ್ವಾಂಸರು ಗುರುತಿಲ್ಲದ ಊರಿನ ಮಗುವಿಗೆ, ಅದೂ ತುಂಬಿದ ಸಭೆಯ ನಡುವೆ, ತಮ್ಮ ಸ್ಟ್ರಾಡಿವೇರಿಯಸ್ಸನ್ನೇ ಕೊಟ್ಟರು. ಇಲ್ಲಿ ನನ್ನ ಮಗಳು ಜೂನಿಯರ್ ಪರೀಕ್ಷೆಗೆಂದು ಒಂದು ವಾರದ ಮಟ್ಟಿಗೆ ಕೇಳಿದಾಗ ಬೀರುವಿನ ಬೀಗದ ಕೈ ಕಳೆದಿತ್ತು.

ನಾನು: ತಂತಿ ಹರಿದ ಏಕವಾದಕರಿಗೆ ಮೊದಲ ಪಿಟೀಲುವಾದಕರು ತಮ್ಮದನ್ನು ಕೊಡುವುದು ಅಲ್ಲಿನ ವೃಂದಗಳ ವಾಡಿಕೆ, ಚಿಕ್ಕಮ್ಮ.

ಚಿಕ್ಕಮ್ಮ: ವಾಡಿಕೆ ಇರುವ ಮನೆಯವರು ಪುಣ್ಯವಂತರು.

ದೊಡ್ಡಪ್ಪ: ಅದು ದೊಡ್ಡವರ ಅಳತೆಯ ಪಿಟೀಲು. ಮಗುವಿನ ಕೈಗೆ ಹೆಚ್ಚಾಗುತ್ತದೆ ಎಂಬ ಕಾಳಜಿಯಿಂದ ಕೊಡಲಿಲ್ಲವೇ ಹೊರತು ಬೇರೆ ಉದ್ದೇಶವಿರಲಿಲ್ಲ.

ಚಿಕ್ಕಮ್ಮ: ಆ ಹುಡುಗಿಯ ಕೈಗೂ ಹೆಚ್ಚೇ ಆಗಿತ್ತೆಂದು ಈಗಷ್ಟೇ ಓದಿದೆವು. ಎರಡು ಸಲ.

ಅತ್ತೆ: ಪಾಪ, ಆ ಹುಡುಗಿಯನ್ನು ಒಳ್ಳೆಯ ಮನೆಗೆ ಕೊಟ್ಟರೆ ಸಾಕು.

ನಾನು: ಆಕೆ 1971ರಲ್ಲಿ ಹುಟ್ಟಿದವರು, ಅತ್ತೆ.

ದೊಡ್ಡಪ್ಪ: ಭಾನುವಾರ ಬಂದು ಒಯ್ಯಬಹುದು. ಬರುವವರು ತಂತಿ ತಾವೇ ತರತಕ್ಕದ್ದು. ಈಗ ಅದರಲ್ಲಿ ಮೂರೇ ಉಳಿದಿವೆ.