ಕರ್ವಾಲೊ ತೆರೆ ಮೇಲೆ ಬರ್ಬೇಕಾ, ಬೇಡ್ವಾ?

ಘಟ್ಟದ_ಮಳೆ:
ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಆ ವಿಡಿಯೋ ಓಡಾಡ್ತಿದೆ, "ಪಶ್ಚಿಮ ಘಟ್ಟದಲ್ಲಿ ವಿಚಿತ್ರ ಹಾರುವ ಪ್ರಾಣಿ ಪತ್ತೆ" ಅಂತ ಟೈಟಲ್ಲು, ಹಿಂದ್ಗಡೆ ಭಯಂಕರ ಮ್ಯೂಸಿಕ್ಕು. ನೋಡಿದ್ರೆ ಹಾರುವ ಓತಿ! ತಕ್ಷಣ ಕರ್ವಾಲೊ ನೆನಪಾಗಿ ಕಪಾಟಿಂದ ತೆಗ್ದು ಮತ್ತೆ ಓದೋಕೆ ಕೂತೆ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿ ಅವರ ಕಾದಂಬರಿ ಇದು, ಈಗ್ಲೂ ಮಂದಣ್ಣ, ಪ್ಯಾರ, ಬಿರಿಯಾನಿ ಕರಿಯಪ್ಪ, ಆ ಕಿವಿ ನಾಯಿ ಎಲ್ಲಾ ಮೂಡಿಗೆರೆ ಸಂತೇಲಿ ಸಿಕ್ತಾರೇನೋ ಅನ್ನಿಸುತ್ತೆ. ನನ್ನ ಪ್ರಶ್ನೆ ಇಷ್ಟೇ, ಇದನ್ನ ಒಳ್ಳೆ ಸಿನಿಮಾನೋ ಸೀರೀಸೋ ಆಗಿ ನೋಡೋ ಆಸೆ ನಿಮ್ಗೂ ಇದ್ಯಾ, ಇಲ್ಲಾ ಪುಸ್ತಕವಾಗೇ ಇರ್ಲಿ ಅಂತೀರಾ?

ಓದುಗ_ಇರುಳು:
ಬೇಡ ಕಣ್ರೀ, ಕೈ ಮುಗೀತೀನಿ. ಕರ್ವಾಲೊ ಅಂದ್ರೆ ಓತಿ ಹಿಡಿಯೋ ಕಥೆ ಅಂತ ಸಿನಿಮಾದವ್ರು ಅಂದ್ಕೊಳ್ತಾರೆ, ಆದ್ರೆ ಪುಸ್ತಕದಲ್ಲಿ ಓತಿ ಕಾಣಿಸ್ಕೊಳ್ಳೋದು ಎಷ್ಟು ಹೊತ್ತು? ಉಳಿದಿದ್ದೆಲ್ಲಾ ಜೇನು, ಗದ್ದೆ ಕೆಲ್ಸ, ಮಂದಣ್ಣನ ಮದುವೆ, ಕೋರ್ಟು ಕೇಸು, ಇದ್ರ ಮಧ್ಯೆ ಒಬ್ಬ ವಿಜ್ಞಾನಿ ಈ ಪೆದ್ದ ಅಂತ ಊರೆಲ್ಲಾ ಅಂದ್ಕೊಂಡಿರೋ ಹುಡುಗನ್ನ ಹುಡುಕ್ಕೊಂಡು ಬರ್ತಾನಲ್ಲ, ಕಾಡಿನ ವಿಷಯದಲ್ಲಿ ಇವನೇ ನಿಜವಾದ ವಿದ್ವಾಂಸ ಅಂತ ಗುರುತಿಸ್ತಾನಲ್ಲ, ಅದೇ ನಂಗೆ ಪುಸ್ತಕದ ಜೀವ. ಇನ್ನು ಕೊನೆ (ಓದದೇ ಇರೋರು ಇಲ್ಲಿಂದ ಮುಂದಿನ ಕಾಮೆಂಟಿಗೆ ಹೋಗ್ಬಿಡಿ) ಅಷ್ಟು ದಿನ ಹುಡುಕಿ ಅಲೆದು ಕೈಗೆ ಸಿಕ್ಕೇಬಿಡ್ತು ಅನ್ನುವಾಗ ಅದು ಪ್ರಪಾತದ ಕಡೆ ತೇಲ್ಕೊಂಡು ಹೋಗ್ಬಿಡುತ್ತೆ. ಅಲ್ಲಿ ಪ್ರತಿಯೊಬ್ಬ ಓದುಗನಿಗೂ ಅವನವನ ಓತಿ ಕಂಡಿರುತ್ತೆ. ಗ್ರಾಫಿಕ್ಸಲ್ಲಿ ಒಂದು ಓತಿ ಮಾಡಿ ತೋರ್ಸಿದ್ರೆ ಎಲ್ರಿಗೂ ಅದೊಂದೇ ಉಳಿಯುತ್ತೆ.

ದುರ್ಗದ_ಕೋಟೆ:
ನಾನು ಬರ್ಲಿ ಅನ್ನೋ ಪಾರ್ಟಿ. ನಮ್ಮೂರ ಉದಾಹರಣೆನೇ ತಗೊಳ್ಳಿ. ನಾಗರಹಾವು 1972ರಲ್ಲಿ ಬಂತು, ಪುಟ್ಟಣ್ಣ ತರಾಸು ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ರು, ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ನಾಗರಹಾವನ್ನ ಕೇರೆಹಾವು ಮಾಡಿದ್ರು ಅಂತ ತರಾಸು ಅವರಿಗೆ ಬೇಜಾರಾಗಿತ್ತು, ಅದು ಎಲ್ರಿಗೂ ಗೊತ್ತಿರೋ ವಿಷ್ಯ. ಬರೆದವರ ಆ ಬೇಜಾರು ನ್ಯಾಯವೇ. ಆದ್ರೂ ಹೇಳಿ, ವಿಷ್ಣುವರ್ಧನ್ ಇಲ್ದೆ ರಾಮಾಚಾರಿನ, ಅಶ್ವಥ್ ಇಲ್ದೆ ಚಾಮಯ್ಯ ಮೇಷ್ಟ್ರನ್ನ ಈಗ ಯಾರಾದ್ರೂ ನೆನಸ್ಕೊಳ್ಳೋಕೆ ಆಗುತ್ತಾ? ನಾನು ಸಿನಿಮಾ ನೋಡಿದ್ಮೇಲೇ ಲೈಬ್ರರಿಗೆ ಹೋಗಿ ಮೂರೂ ಪುಸ್ತಕ ಓದಿದ್ದು. ನನ್ನಂಥೋರು ಸಾವಿರಾರು ಜನ ಇರ್ತಾರೆ.

ಅಡಿಕೆ_ತೋಟ:
ಓತಿ ವಿಷ್ಯಕ್ಕೆ ಬಂದ್ರೆ ಗ್ರಾಫಿಕ್ಸ್ ಯಾಕ್ರೀ ಬೇಕು, ನಮ್ಮ ತೋಟಕ್ಕೆ ಬನ್ನಿ. ಅಡಿಕೆ ಮರದ ಮೇಲೆ ತೊಗಟೆ ಬಣ್ಣಕ್ಕೇ ಅಂಟ್ಕೊಂಡಿರುತ್ತೆ, ಅಲ್ಲಾಡೋವರೆಗೂ ಗೊತ್ತಾಗಲ್ಲ. ಗಂಡಿನ ಗಂಟಲಲ್ಲಿ ಹಳದಿ ಚರ್ಮ ಇರುತ್ತೆ, ಅದನ್ನ ಬಾವುಟದ ಥರ ಹೊರಗೆ ಚಾಚಿ ಒಳಗೆ ಎಳ್ಕೊಳ್ಳುತ್ತೆ, ಅಲ್ಲೇ ಸಿಕ್ಕಿಬೀಳೋದು. ರೆಕ್ಕೆ ಅಂತ ಜನ ಅಂತಾರಲ್ಲ, ಅದು ಉದ್ದಕ್ಕೆ ಬೆಳೆದಿರೋ ಪಕ್ಕೆಲುಬಿನ ಮೇಲೆ ಹರಡಿರೋ ಚರ್ಮ. ಹಕ್ಕಿ ಥರ ಬಡಿಯೋಕೆ ಆಗಲ್ಲ, ಎತ್ತರದಿಂದ ಜಿಗಿದು ಮುಂದಿನ ಮರಕ್ಕೆ ತೇಲ್ಕೊಂಡು ಹೋಗಿ ಬುಡದ ಹತ್ರ ಕೂತು, ಮತ್ತೆ ಮೇಲಕ್ಕೆ ಹತ್ತುತ್ತೆ, ಇರುವೆ ತಿನ್ಕೊಂಡು. ಪಾಪದ ಪ್ರಾಣಿ, ವಿಷ ಇಲ್ಲ ಏನಿಲ್ಲ. ಆ ವಿಡಿಯೋ ನೋಡಿ ಹೆದರ್ಕೊಂಡು ಕಲ್ಲು ಹೊಡೆಯೋರು ಇದ್ದಾರೆ, ಅದಕ್ಕೇ ಹೇಳ್ತಿದೀನಿ, ಗ್ರೂಪಲ್ಲಿ ಬಂದ್ರೆ ದಯವಿಟ್ಟು ಇಷ್ಟನ್ನ ಬರೆದು ಹಾಕಿ. ಸಿನಿಮಾ ಮಾಡೋರು ತಾಳ್ಮೆಯಿಂದ ತೋಟದಲ್ಲಿ ಕ್ಯಾಮೆರಾ ಇಟ್ಟು ಕಾದ್ರೆ ಸಾಕು, ನಿಜವಾದ ಓತಿನೇ ಸಿಗುತ್ತೆ.

ಮುಸ್ತಾಫಾ_ಫ್ಯಾನ್:
2023ರ ಡೇರ್‌ಡೆವಿಲ್ ಮುಸ್ತಾಫಾ ಯಾರೂ ಹೇಳ್ಲೇ ಇಲ್ವಲ್ಲ! ತೇಜಸ್ವಿ ಅವರದೇ ಸಣ್ಣಕಥೆ, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಥಿಯೇಟರಲ್ಲಿ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ್ರು ಆ ಕ್ರಿಕೆಟ್ ಮ್ಯಾಚಿಗೆ ಸ್ಟೇಡಿಯಂನಲ್ಲಿ ಕೂಗೋ ಹಾಗೆ ಕೂಗ್ತಿದ್ರು. ಪ್ರೀತಿ ಇದ್ದೋರು ಮಾಡಿದ್ರೆ ಕೆಡಲ್ಲ.

ಘಟ್ಟದ_ಮಳೆ:
@ಅಡಿಕೆ_ತೋಟ ಸರ್, ನೀವು ಬರೆದಿದ್ದನ್ನ ಹಾಗೇ ಗ್ರೂಪಿಗೆ ಹಾಕ್ದೆ, ನಮ್ಮ ದೊಡ್ಡಪ್ಪ "ಇದು ನಮ್ಮ ತೋಟದಲ್ಲೂ ಇದ್ಯಲ್ಲೋ" ಅಂತ ಫೋನೇ ಮಾಡಿದ್ರು. @ಓದುಗ_ಇರುಳು ನೀವು ಹೇಳಿದ ಕೊನೆಯ ವಿಷ್ಯ ಒಪ್ತೀನಿ, ಆದ್ರೂ ನಂಗೆ ಸೀರೀಸ್ ಬೇಕು. ಆರೇಳು ಎಪಿಸೋಡು, ಅರ್ಧಕ್ಕಿಂತ ಜಾಸ್ತಿ ಜೇನು, ಗದ್ದೆ, ಮಂದಣ್ಣನೇ ಇರ್ಲಿ, ಓತಿ ಕೊನೇಲಿ ಬಂದ್ರೆ ಸಾಕು. ಮಂದಣ್ಣನ ಪಾತ್ರಕ್ಕೆ ಮಾತ್ರ ಹೊಸ ಹುಡುಗನೇ ಆಗ್ಬೇಕು, ಮೂಡಿಗೆರೆ ಕಡೆ ಮಾತು ಬಾಯಲ್ಲಿ ಇರೋನು.