ಆಗಸ್ಟ್‌ಗೆ ನರ್ಸ್ ಅನಸ್ತೇಶಿಯಾ ಕೋರ್ಸ್ ಶುರು, ಅಷ್ಟರೊಳಗೆ ಏನೇನ್ ರೆಡಿ ಮಾಡ್ಕೋಬೇಕು?

ಮಲ್ನಾಡ್_ನರ್ಸಮ್ಮ:

ಎಲ್ರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಕಡೆ, ಬಿಎಸ್ಸಿ ನರ್ಸಿಂಗ್ ಮಾಡಿ ಮಂಗಳೂರಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ಇಬಿ-3 ಅನ್ನೋ ಉದ್ಯೋಗದ ವೀಸಾ ಮೇಲೆ ಅಮೆರಿಕಾಗೆ ಬಂದೋಳು, ಈಗ ಓಹಾಯೋದಲ್ಲಿ ಕಾರ್ಡಿಯಾಕ್ ಐಸಿಯುನಲ್ಲಿದೀನಿ, ಗ್ರೀನ್ ಕಾರ್ಡ್ ಇದೆ. ಸಿಆರ್‌ಎನ್‌ಎ, ಅಂದ್ರೆ ಅನಸ್ತೇಶಿಯಾ ಕೊಡೋ ನರ್ಸ್, ಆಗ್ಬೇಕು ಅಂತ ತುಂಬಾ ದಿನದ ಆಸೆ, ಕೊನೆಗೂ ಡಾಕ್ಟರೇಟ್ ಪ್ರೋಗ್ರಾಂಗೆ ಸೀಟ್ ಸಿಕ್ತು, 36 ತಿಂಗಳ ಕೋರ್ಸು, ಈ ಆಗಸ್ಟ್‌ಗೆ ಶುರು. ಖುಷಿ ಎರಡು ದಿನ ಇತ್ತು, ಆಮೇಲಿಂದ ಬರೀ ಭಯ 😅

ಕೇಳ್ಬೇಕಾಗಿರೋದು ಏನಂದ್ರೆ, ಈಗಿಂದಾನೇ ದಪ್ಪ ದಪ್ಪ ಅನಸ್ತೇಶಿಯಾ ಪುಸ್ತಕ ಹಿಡ್ಕೊಂಡು ಕೂತ್ಕೋಬೇಕಾ? ವೀಕೆಂಡ್‌ನಲ್ಲಿ ಒಂದೊಂದು ಶಿಫ್ಟ್ ಐಸಿಯುನಲ್ಲಿ ಮಾಡ್ಕೊಂಡು ಓದಕ್ಕಾಗುತ್ತಾ? ಯಜಮಾನ್ರಿಗೆ ಐಟಿ ಕೆಲಸ, ಮಗಳಿಗೆ ನಾಲ್ಕು ವರ್ಷ, ಅತ್ತೆ ಬರ್ತೀನಿ ಅಂದಿದಾರೆ, ಕೋರ್ಸ್ ಶುರು ಆಗೋ ಹೊತ್ತಿಗೇ ಕರೆಸ್ಕೊಳ್ಳೋಣ ಅಂತ ಇದೀವಿ. ಓದಿರೋರು, ಓದ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಗ್ಯಾಸ್_ಅಕ್ಕ:

ಕಂಗ್ರಾಟ್ಸ್ ಕಣಮ್ಮ, ಸೀಟ್ ಸಿಗೋದೇ ದೊಡ್ಡ ವಿಷ್ಯ. ನಾನು ಟೆಕ್ಸಸ್‌ನಲ್ಲಿ ಸಿಆರ್‌ಎನ್‌ಎ, ಸ್ಟೂಡೆಂಟ್ಸ್ ನನ್ ಜೊತೆ ಕೇಸಿಗೆ ಬರ್ತಾರೆ, ಅದಕ್ಕೆ ಈ ಕಡೆಯಿಂದ ಕಾಣೋದನ್ನ ಹೇಳ್ತೀನಿ.

ದಪ್ಪ ಪುಸ್ತಕ ಈಗ ಮುಟ್ಟಬೇಡ. ಮೊದಲ ಸೆಮಿಸ್ಟರ್‌ನಲ್ಲಿ ಹೇಗೂ ಗಂಟಲವರೆಗೂ ತುಂಬ್ತಾರೆ, ಈಗ ಓದಿದ್ದು ಅಷ್ಟರಲ್ಲಿ ಅರ್ಧ ಮರ್ತೋಗಿರುತ್ತೆ. ಕೈ ಸುಮ್ನಿರಲ್ಲ ಅಂದ್ರೆ ಎರಡೇ ವಿಷ್ಯ ನೋಡ್ಕೋ. ಒಂದು ಆಟೋನಾಮಿಕ್ ನರ್ವಸ್ ಸಿಸ್ಟಮ್, ಆಲ್ಫಾ ಬೀಟಾ ಮಸ್ಕರಿನಿಕ್ ರಿಸೆಪ್ಟರ್ ಯಾವುದು ಎಲ್ಲಿ ಏನು ಮಾಡುತ್ತೆ ಅನ್ನೋದು ನಿದ್ದೇಲಿ ಕೇಳಿದ್ರೂ ಬರಬೇಕು. ಇನ್ನೊಂದು ಬಾಯಿಲೆಕ್ಕ. ಐಸಿಯುನಲ್ಲಿ ಪಂಪೇ ಲೆಕ್ಕ ಮಾಡಿ ಕೊಟ್ಟು ಕೊಟ್ಟು ನಮಗೆ ಅಭ್ಯಾಸ ಕೆಟ್ಟಿರುತ್ತೆ, ಇಲ್ಲಿ ಬಿಪಿ ಏರಿಸೋ ಫಿನೈಲೆಫ್ರಿನ್ 100 ಮೈಕ್ರೋಗ್ರಾಂ ಪರ್ ಎಂಎಲ್ ಸಿರಿಂಜು ನಿನ್ನ ಕೈಯಲ್ಲೇ ಇರುತ್ತೆ, ಬಿಪಿ ಬಿತ್ತು ಅಂದ್ರೆ ಆರ್ಡರ್ ಬರ್ಲಿ ಅಂತ ಕಾಯೋಕಾಗಲ್ಲ, ಎಷ್ಟು ಕೊಡ್ಬೇಕು ಅಂತ ಆ ಕ್ಷಣಕ್ಕೇ ತಲೇಲಿ ಬರಬೇಕು.

ನಿಜವಾಗ್ಲೂ ಕಷ್ಟ ಆಗೋದು ಓದಲ್ಲ. ಐಸಿಯುನಲ್ಲಿ ನೀನು ಸೀನಿಯರ್, ಬಲೂನ್ ಪಂಪು ಎಕ್ಮೋ ಅಂತ ಹೃದಯಕ್ಕೆ ಆಸರೆ ಕೊಡೋ ಮಿಷಿನ್ ಎಲ್ಲ ನೋಡಿರೋಳು, ಹೊಸಬರು ನಿನ್ನ ಹತ್ರ ಬಂದು ಕೇಳ್ತಾರೆ. ಓಟಿ ಒಳಗೆ ಕಾಲಿಟ್ಟ ದಿನ ಮಾಸ್ಕ್ ಹಿಡಿಯಕ್ಕೂ ಬರಲ್ಲ. ಅಲ್ಲಿ ಐಸಿಯುನಲ್ಲಿ ಉಸಿರು ಕೊಡೋ ಆಂಬು ಬ್ಯಾಗ್ ಹಿಂಡಿದ್ದು ಬೇರೆ, ಇಲ್ಲಿ ಎಡಗೈ ಒಂದರಲ್ಲೇ ದವಡೆ ಎತ್ತಿ ಮಾಸ್ಕ್ ಸೀಲ್ ಮಾಡಿ ಬಲಗೈಲಿ ಬ್ಯಾಗ್ ಒತ್ತೋದು ಬೇರೆ, ಮೊದಲ ವಾರ ಕಿರುಬೆರಳು ಹಿಡ್ಕೊಂಡ್ಬಿಡುತ್ತೆ. ಜೊತೆಗೆ ಒಂದೊಂದು ಸೈಟ್‌ಗೂ ಒಂದೊಂದು ಥರ ಕಾರ್ಟು, ಹೊಸ ಸೊಸೆ ಅತ್ತೆ ಮನೆ ಅಡುಗೆಮನೇಲಿ ಸಾಸಿವೆ ಡಬ್ಬ ಹುಡುಕೋ ಥರ ಉಸಿರುನಾಳಕ್ಕೆ ಹಾಕೋ ಎಂಡೋಟ್ರೇಕಿಯಲ್ ಟ್ಯೂಬ್ ಯಾವ ಡ್ರಾಯರ್‌ನಲ್ಲಿದೆ ಅಂತ ಹುಡುಕ್ತಿರ್ತೀಯ, ಕಲಿಸೋ ಸೀನಿಯರ್, ಅಂದ್ರೆ ಪ್ರಿಸೆಪ್ಟರ್, ಹಿಂದೆ ಕೈ ಕಟ್ಕೊಂಡು ನೋಡ್ತಿರ್ತಾರೆ. ಜಾಣ ನರ್ಸ್‌ಗಳೇ ಇಲ್ಲಿ ಜಾಸ್ತಿ ಕುಗ್ಗಿಹೋಗೋದನ್ನ ನೋಡಿದೀನಿ, ಯಾಕಂದ್ರೆ ಬೈಸ್ಕೊಂಡು ಅಭ್ಯಾಸ ಇರಲ್ಲ ಅವರಿಗೆ.

ಕ್ಲಿನಿಕಲ್ ದಿನ ಬೆಳಿಗ್ಗೆ ಹೇಗಿರುತ್ತೆ ಅಂತಾನೂ ಹೇಳ್ಬಿಡ್ತೀನಿ. ಏಳೂವರೆಗೆ ಮೊದಲ ಕೇಸ್ ಅಂದ್ರೆ ಆರರೊಳಗೆ ರೂಮ್‌ನಲ್ಲಿರ್ಬೇಕು. ಸಕ್ಷನ್ ಆನ್ ಮಾಡಿ ತಲೆ ಹತ್ರ ಸಿಕ್ಕಿಸು, ಮಿಷಿನ್ ಲೀಕ್ ಟೆಸ್ಟ್ ಮಾಡು, ಗಂಟಲು ನೋಡೋ ಲ್ಯಾರಿಂಗೋಸ್ಕೋಪ್ ಬ್ಲೇಡಿನ ಲೈಟ್ ನೋಡು, ಟ್ಯೂಬಿನ ಕಫ್ ಊದಿ ನೋಡು, ಪ್ರೊಪೊಫಾಲ್ ರೋಕ್ಯುರೋನಿಯಮ್ ಸಕ್ಸಿನೈಲ್‌ಕೋಲಿನ್ ಔಷಧಿ ಎಲ್ಲ ಸಿರಿಂಜಿಗೆ ಎಳೆದು ಲೇಬಲ್ ಹಚ್ಚು. ಆಮೇಲೆ ಹಿಂದೆ ಹೋಗಿ ಆಕ್ಸಿಜನ್ ಸಿಲಿಂಡರ್ ತಿರುಗಿಸಿ ಗೇಜ್ ನೋಡು. ಅಲ್ಲೇ ನಾನು ಪ್ರಶ್ನೆ ಹಾಕೋದು. ತುಂಬಿದ ಇ ಸಿಲಿಂಡರ್ ಸುಮಾರು 2000 ಪಿಎಸ್‌ಐ, 660 ಲೀಟರ್, ಈಗ 1000 ತೋರಿಸ್ತಿದೆ, ನಿಮಿಷಕ್ಕೆ 10 ಲೀಟರ್ ಬಿಟ್ರೆ ಎಷ್ಟು ಹೊತ್ತು ಬರುತ್ತೆ? 33 ನಿಮಿಷ. ಸರಿ, ನೈಟ್ರಸ್ ಆಕ್ಸೈಡ್ ಸಿಲಿಂಡರ್ 745 ತೋರಿಸ್ತಿದೆ, ಎಷ್ಟಿದೆ? ಅಲ್ಲಿ ಎಲ್ರೂ ಲೆಕ್ಕ ಶುರು ಮಾಡ್ತಾರೆ 😄 ಒಳಗೆ ದ್ರವ ಇರೋವರೆಗೂ ಮುಳ್ಳು ಅಲ್ಲಾಡಲ್ಲ, ಎಷ್ಟಿದೆ ಅಂತ ತಿಳೀಬೇಕು ಅಂದ್ರೆ ತೂಕ ಹಾಕಿ ನೋಡ್ಬೇಕು. ಇಂಥ ಪ್ರಶ್ನೆ ದಿನಾ ಬರುತ್ತೆ, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು, ಸಂಜೆ ಓದ್ಕೊಂಡು ಮಾರನೇ ದಿನ ನೀನಾಗೇ ಬಂದು ಉತ್ತರ ಹೇಳು, ಅಂಥೋರನ್ನ ಕಂಡ್ರೆ ನಮಗೆ ಇಷ್ಟ.

ಹುಬ್ಬಳ್ಳಿ_ಭಾವ:

ಅಕ್ಕಾರ, ನಾ ನರ್ಸ್ ಅಲ್ರಿ, ನಮ್ಮ ಮನಿಯಾಕಿ ಈ ಕೋರ್ಸ್ ಮುಗಿಸ್ಯಾಳ, ಹಿಂಗಾಗಿ ರೊಕ್ಕದ ಮಾತು ನನಗ ಬಿಡ್ರಿ.

ಮೊದಲ ಸಾಲದ ವಿಚಾರ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ ಅನ್ನೋ ಫೆಡರಲ್ ಸರ್ಕಾರದ ಲೋನ್ ಬಂದ್ ಆಗೇದ. ಮೊದಲ ಫೀ ಎಷ್ಟರ ಇರವಲ್ದ್ಯಾಕ, ಮ್ಯಾಲಿನ ಖರ್ಚಿಗೂ ಸೇರಿಸಿ ಅದರಾಗ ಕೊಡ್ತಿದ್ರು. ಈಗ ಸಾದಾ ಗ್ರಾಜುಯೇಟ್ ಕೋರ್ಸಿಗೆ ಫೆಡರಲ್ ಸಾಲ ವರ್ಷಕ್ಕ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್‌ಗೆ ಮಿತಿ. ನಿಮ್ಮ ಕೋರ್ಸು ಯಾವ ಲೆಕ್ಕದಾಗ ಬರ್ತದ ಅಂತ ಸ್ಕೂಲಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಹೋಗಿ ಬರವಣಿಗಿಯೊಳಗ ಕೇಳಿ ತಗೋರಿ, ಫೋನಿನ್ಯಾಗ ಹೇಳಿದ್ದು ನಂಬಬ್ಯಾಡ್ರಿ. ಉಳಿದದ್ದಕ್ಕ ಪ್ರೈವೇಟ್ ಲೋನ್ ಬೇಕಾದ್ರ ನಿಮ್ಮ ಯಜಮಾನ್ರು ಕೋ-ಸೈನ್ ಮಾಡಬೇಕಾಗಬಹುದು, ಅವರ ಕ್ರೆಡಿಟ್ ಈಗಲೇ ಸರಿ ಇಟ್ಕೋರಿ, ಹೊಸಾ ಕಾರು ಗೀರು ಅಂತ ಇದ್ರ ಮೂರು ವರ್ಷ ಮರತಬಿಡ್ರಿ.

ಎರಡನೇದು, ದವಾಖಾನಿ ಬಿಡೂ ಮೊದಲ ನಿಮ್ಮ ಆಫರ್ ಲೆಟರ್ ತಗದು ಓದ್ರಿ. ಸೈನ್ ಆನ್ ಬೋನಸ್ ಕೊಟ್ಟಿದ್ರ ಇಷ್ಟು ವರ್ಷದೊಳಗ ಬಿಟ್ರ ವಾಪಸ್ ಕೊಡಬೇಕು ಅಂತ ಬರದಿರ್ತದ. ನಮಗ ಕಡೀ ಪಗಾರದಾಗ ಹಿಡಕೊಂಡ್ರು, ಆ ತಿಂಗಳ ಬಾಡಗಿ ಹೆಂಗ ಕಟ್ಟೇವಿ ನಮಗ ಗೊತ್ತು. ಇನ್ಶೂರೆನ್ಸ್ ಯಾವಾಗ ನಿಲ್ತದ ಕೇಳಿ, ಮಗಳನ್ನೂ ನಿಮ್ಮನ್ನೂ ಯಜಮಾನ್ರ ಇನ್ಶೂರೆನ್ಸಿಗೆ ಹಾಕಸ್ರಿ, ನಿಮ್ಮ ಇನ್ಶೂರೆನ್ಸ್ ನಿಂತ 30 ದಿವಸದಾಗ ಮಾಡಸ್ಲಿಲ್ಲಂದ್ರ ಮುಂದಿನ ಓಪನ್ ಎನ್‌ರೋಲ್‌ಮೆಂಟ್ ತನಕ ಕಾಯಬೇಕಾಗ್ತದ. ಕೆಲವು ದವಾಖಾನಿ ಓದೂವಾಗ ಸ್ಟೈಪೆಂಡ್ ಕೊಟ್ಟು, ಮುಗದ ಮ್ಯಾಲೆ ನಮ್ಮಲ್ಲೇ ಇಷ್ಟು ವರ್ಷ ದುಡೀಬೇಕು ಅಂತ ಕರಾರು ಮಾಡ್ಕೊಳ್ತಾವ. ತಪ್ಪೇನಿಲ್ಲ, ಖರೇ ಆ ಊರಾಗ ಇರಲಿಕ್ಕೆ ಮನಸದನೋ ಇಲ್ಲೋ ಮೊದಲ ನೋಡ್ಕೋರಿ.

ಮತ್ತ ಯಜಮಾನ್ರಿಗೆ ಒಂದು ಮಾತು: ಅಡಿಗಿ ಕಲೀರಿ ಸಾಹೇಬ್ರ.

ಸೆಕೆಂಡ್_ಇಯರ್_ಕುಡ್ಲ:

ವೀಕೆಂಡ್ ಶಿಫ್ಟ್ ವಿಷಯಕ್ಕೆ ಬರ್ತೇನೆ, ಯಾರೂ ಉತ್ತರ ಕೊಟ್ಟಿಲ್ಲ. ಬೇಡ ಮಾರಾಯ್ರೆ. ಕೆಲವು ಪ್ರೋಗ್ರಾಂನವರು ಕೆಲಸ ಮಾಡಬಾರದು ಅಂತಲೇ ಬರೆದಿರ್ತಾರೆ, ಉಳಿದವರು ಬಾಯಲ್ಲಿ ಹೇಳ್ತಾರೆ. ಅಕ್ರೆಡಿಟೇಶನ್ ಕೌನ್ಸಿಲ್ ಪ್ರಕಾರ ಕ್ಲಾಸು, ಕ್ಲಿನಿಕಲ್, ಆನ್-ಕಾಲ್ ಡ್ಯೂಟಿ ಎಲ್ಲ ಸೇರಿ ವಾರಕ್ಕೆ ಸರಾಸರಿ 64 ಗಂಟೆ ದಾಟಬಾರದು, ದಾಟಬಾರದು ಅಂತ ರೂಲ್ ಮಾಡುವಷ್ಟು ಇರ್ತದೆ ಅಂತ ಅರ್ಥ. ಮನೆಯಲ್ಲಿ ಓದುವುದು, ನಾಳೆಯ ಕೇಸಿಗೆ ಕೇರ್ ಪ್ಲಾನ್ ಬರೆಯುವುದು ಅದರ ಮೇಲೆ. ಮುಗಿಸುವ ಹೊತ್ತಿಗೆ ಕಡಿಮೆ ಅಂದರೂ 600 ಕೇಸು, 2000 ಕ್ಲಿನಿಕಲ್ ಗಂಟೆ ಆಗಿರಬೇಕು. ಕ್ಲಾಸ್ ಮಾತ್ರ ಇರುವ ಶುರುವಿನ ತಿಂಗಳಲ್ಲಿ ಒಬ್ಬಿಬ್ಬರು ಶಿಫ್ಟ್ ಮಾಡುವುದನ್ನು ನೋಡಿದ್ದೇನೆ, ಫಾರ್ಮಕಾಲಜಿ ಮೊದಲ ಪರೀಕ್ಷೆ ಆದ ಮೇಲೆ ಅವರೂ ನಿಲ್ಲಿಸಿದ್ರು.

ಇನ್ನೊಂದು, ಎಸಿಎಲ್‌ಎಸ್ ಪಾಲ್ಸ್ ಬಿಎಲ್‌ಎಸ್ ಅಂತ ತುರ್ತು ಜೀವರಕ್ಷಣೆ ಸರ್ಟಿಫಿಕೇಟ್ ಮೂರೂ ಈಗಲೇ ರಿನ್ಯೂ ಮಾಡಿಸಿ, ನಿಮ್ಮ ಹಾಸ್ಪಿಟಲ್‌ನಲ್ಲಿ ಪುಕ್ಕಟೆ ಆಗ್ತದಲ್ಲ. ಹೆಪಟೈಟಿಸ್ ಬಿ ಟೈಟರ್ (ರೋಗನಿರೋಧಕ ಶಕ್ತಿ ನೋಡುವ ರಕ್ತಪರೀಕ್ಷೆ), ವ್ಯಾಕ್ಸಿನ್ ಕಾಗದ ಎಲ್ಲ ಒಂದು ಫೈಲ್‌ಗೆ ಹಾಕಿ ಇಡಿ, ಒಂದೊಂದು ಕ್ಲಿನಿಕಲ್ ಸೈಟಿನವರೂ ಹೊಸದಾಗಿ ಕೇಳ್ತಾರೆ.

ಬೆಂಗ್ಳೂರ್_ಓಟಿ:

ಇಲ್ಲಿ ನಾನು ಬಿಎಸ್ಸಿ ಅನಸ್ತೇಶಿಯಾ ಟೆಕ್ನಾಲಜಿ ಮಾಡಿ ಓಟಿಲಿ ಟೆಕ್ನಿಷಿಯನ್. ನಮ್ಮಲ್ಲಿ ಡ್ರಗ್ ಕೊಡೋದು ಇಂಟ್ಯುಬೇಟ್ ಮಾಡೋದು ಎಲ್ಲ ಡಾಕ್ಟರದ್ದೇ, ನಾವು ಮಿಷಿನ್ ರೆಡಿ ಮಾಡಿ ಪಕ್ಕದಲ್ಲಿರ್ತೀವಿ. ಅಲ್ಲಿ ನರ್ಸ್‌ಗಳೇ ಅನಸ್ತೇಶಿಯಾ ಕೊಡ್ತಾರೆ ಅಂದ್ರೆ ಪೇಷಂಟ್‌ಗಳು ಒಪ್ತಾರಾ? ತಪ್ಪು ತಿಳ್ಕೋಬೇಡಿ, ನಿಜವಾಗ್ಲೂ ಗೊತ್ತಿಲ್ದೆ ಕೇಳ್ತಿರೋದು.

ಗ್ಯಾಸ್_ಅಕ್ಕ:

ಒಪ್ತಾರಪ್ಪ, ಇಲ್ಲಿ ಇದು ಹೊಸದಲ್ಲ. ಮೇಯೋ ಕ್ಲಿನಿಕ್‌ನಲ್ಲಿ ಆಲಿಸ್ ಮೆಗಾ ಅಂತ ನರ್ಸ್ ಇದ್ರು, 14,000ಕ್ಕೂ ಹೆಚ್ಚು ಅನಸ್ತೇಶಿಯಾ ಕೊಟ್ಟು ಅದರಿಂದ ಒಂದೂ ಸಾವಾಗಿಲ್ಲ ಅಂತ 1906ರಲ್ಲೇ ಬರೆದಿದ್ರು. ನರ್ಸ್ ಅನಸ್ತೆಟಿಸ್ಟ್‌ಗಳ ರಾಷ್ಟ್ರೀಯ ಸಂಘ ಆಗಿದ್ದು 1931ರಲ್ಲಿ. ಡಾಕ್ಟರ್ ಸೂಪರ್‌ವಿಷನ್ ಬೇಕಾ ಬೇಡ್ವಾ ಅನ್ನೋದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆ ಜಗಳ ಇವತ್ತಿಗೂ ಮುಗಿದಿಲ್ಲ. ಮಿಷಿನ್ ಬಗ್ಗೆ ಮಾತ್ರ ನಮ್ಮ ಹೊಸ ಸ್ಟೂಡೆಂಟ್ಸ್‌ಗಿಂತ ನಿಂಗೇ ಚೆನ್ನಾಗಿ ಗೊತ್ತಿರುತ್ತೆ ನೋಡು.

ಮಲ್ನಾಡ್_ನರ್ಸಮ್ಮ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಭಾವ ಅವರು ಹೇಳಿದ್ಮೇಲೆ ಆಫರ್ ಲೆಟರ್ ತೆಗೆದು ನೋಡ್ದೆ, ಬೋನಸ್ ಕರಾರು ಮಾರ್ಚ್‌ಗೇ ಮುಗಿದಿದೆ, ಬದುಕಿದೆ. ಅಡುಗೆ ಮಾತು ಯಜಮಾನ್ರಿಗೆ ಓದಿ ಹೇಳ್ದೆ, ಚಿತ್ರಾನ್ನ ಬರುತ್ತಲ್ಲ ಅಂದ್ರು 🙄 ಅತ್ತೆ ವಿಷ್ಯ ಯಾರೂ ಹೇಳ್ಲಿಲ್ಲ?

ಸೆಕೆಂಡ್_ಇಯರ್_ಕುಡ್ಲ:

ಹಾ, ಬಿಟ್ಟೇಹೋಯ್ತು. ಅತ್ತೆಗೆ ವಿಸಿಟರ್ ವೀಸಾದಲ್ಲಿ ಸಾಮಾನ್ಯ ಆರು ತಿಂಗಳು ಸಿಗ್ತದೆ ಅಲ್ವಾ, ಅದನ್ನ ಆಗಸ್ಟ್‌ನಲ್ಲೇ ಖರ್ಚು ಮಾಡಬೇಡಿ. ಕ್ಲಾಸ್ ಮಾತ್ರ ಇರುವಾಗ ಮಗಳನ್ನ ಡೇಕೇರ್‌ಗೆ ಬಿಟ್ಟು ಹೋಗ್ಲಿಕ್ಕೆ ಆಗ್ತದೆ. ಕ್ಲಿನಿಕಲ್ ಶುರು ಆದ್ರೆ ನೀವು ಐದು ಗಂಟೆಗೆ ಮನೆ ಬಿಡಬೇಕು, ಆ ಹೊತ್ತಿಗೆ ಯಾವ ಡೇಕೇರ್ ಕೂಡ ಬಾಗಿಲು ತೆಗೆದಿರುವುದಿಲ್ಲ, ಸಂಜೆ ಕೇಸ್ ಎಳೆದ್ರೆ ಕರ್ಕೊಂಡು ಬರ್ಲಿಕ್ಕೂ ಆಗುವುದಿಲ್ಲ. ಕೆಲವು ಕಡೆ ಕ್ಲಿನಿಕಲ್ ಬೇಗ ಶುರು, ಕೆಲವು ಕಡೆ ಒಂದು ವರ್ಷ ಕ್ಲಾಸ್ ಆದ ಮೇಲೆ. ನಿಮ್ಮಲ್ಲಿ ಹೇಗೆ?

ಮಲ್ನಾಡ್_ನರ್ಸಮ್ಮ:

ಅಯ್ಯೋ, ಅದನ್ನ ಕೇಳೇ ಇಲ್ಲ. ನಾಳೇನೇ ಕೋಆರ್ಡಿನೇಟರ್‌ಗೆ ಮೇಲ್ ಹಾಕ್ತೀನಿ. ಅತ್ತೆ ಟಿಕೆಟ್ ಸದ್ಯಕ್ಕೆ ಬುಕ್ ಮಾಡಲ್ಲ.