ರಾತ್ರಿ ಮಾಡಿಟ್ಟ ಮೊಟ್ಟೆ ಸಾರು ಬೆಳಗ್ಗೆ ನೊರೆ ಬಂದು ಹುಳಿಯಾಗುತ್ತಿದೆ, ತಪ್ಪು ಎಲ್ಲಿ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಅಡುಗೆ ಮಾಡಿ ಹತ್ತಿರದ ಎರಡು ಹೋಂಸ್ಟೇಗೆ ಕೊಡುತ್ತೇನೆ. ಭಾನುವಾರ ಬೆಳಗ್ಗೆ ಕಡುಬು, ಮೊಟ್ಟೆ ಸಾರು. 60 ಮೊಟ್ಟೆ ಸೇರಿ ಒಟ್ಟು 12 ಲೀಟರ್ ಆಗುತ್ತದೆ. ಬೆಳಗ್ಗೆ ಕಡುಬಿಗೇ ಎರಡು ಒಲೆ ಬೇಕು, ಹಾಗಾಗಿ ಸಾರನ್ನು ಶನಿವಾರ ರಾತ್ರಿಯೇ ಮಾಡಿಡುತ್ತೇನೆ.

ಈ ತಿಂಗಳಲ್ಲಿ ಎರಡನೇ ಸಲ ಹಾಳಾಯಿತು. ರಾತ್ರಿ 9.15ಕ್ಕೆ ಒಲೆ ಆರಿಸಿ, ಮುಚ್ಚಳ ಹಾಕಿ, ಅಡುಗೆಮನೆ ಕಟ್ಟೆ ಮೇಲೆ ಬಿಟ್ಟೆ. 12.30ಕ್ಕೆ ಪಾತ್ರೆ ಸಮೇತ ಫ್ರಿಜ್‌ಗೆ ಇಟ್ಟೆ. ಮಳೆಗೆ 2 ಗಂಟೆಯಿಂದ 5ರವರೆಗೆ ಕರೆಂಟ್ ಇರಲಿಲ್ಲ. ಬೆಳಗ್ಗೆ 6.30ಕ್ಕೆ ಮುಚ್ಚಳ ತೆಗೆದರೆ ಅಂಚಿನಲ್ಲಿ ಸಣ್ಣ ನೊರೆ, ಸೌಟು ಹಾಕಿದ ಕೂಡಲೇ ಹುಳಿ ವಾಸನೆ. ಎಲ್ಲಾ ಚೆಲ್ಲಿ, ಅವರಿಗೆ ಕಾಯಿ ಚಟ್ನಿ ಮಾಡಿ ಕಳಿಸಿದೆ.

ಈಗ ಜುಲೈ, ಮನೆಯೊಳಗೇ ಚಳಿ. ಬೇಸಿಗೆಯಲ್ಲೂ ಹೀಗಾಗಿರಲಿಲ್ಲ. ಮೊಟ್ಟೆ ಹಾಳಿತ್ತಾ, ಕಾಯಿ ಕಾರಣವಾ, ಫ್ರಿಜ್ ಕೆಟ್ಟಿದೆಯಾ? ದಯವಿಟ್ಟು ತಿಳಿದವರು ಹೇಳಿ. ಮಕ್ಕಳು ಮರಿ ಇರುವ ಕುಟುಂಬಗಳು ಬಂದು ಉಣ್ಣುವ ಊಟ ಇದು, ನನಗೆ ನಿದ್ದೆ ಬರುತ್ತಿಲ್ಲ.

ಸವಳಂಗ ರಸ್ತೆ, ಶಿವಮೊಗ್ಗ

ಅಕ್ಕಾ, ಚೆಲ್ಲಿದ್ದು ಸರಿಯಾಯಿತು. ಉತ್ತರ ಕೊಡುವ ಮೊದಲು ನಾಲ್ಕು ವಿಷಯ ಬೇಕು. ಪಾತ್ರೆಯಲ್ಲಿ ಸಾರು ಎಷ್ಟು ಆಳ ಇರುತ್ತದೆ? ಸ್ಕೇಲ್ ಇಟ್ಟು ನೋಡಿ. ಫ್ರಿಜ್‌ಗೆ ಇಡುವಾಗ ಎಷ್ಟು ಬಿಸಿ ಇತ್ತು? ಬೆಂದ ಮೊಟ್ಟೆಯನ್ನು ಯಾವ ನೀರಲ್ಲಿ ತಣಿಸುತ್ತೀರಿ, ಯಾರು ಸುಲಿಯುತ್ತಾರೆ? ಥರ್ಮಾಮೀಟರ್ ಇದೆಯಾ?

ತುಂಗಾತೀರ, ತೀರ್ಥಹಳ್ಳಿ

ಆಳ 17 ಸೆಂಟಿಮೀಟರ್. ಅಗಲ ಬಾಯಿಯ ಡಬರಿ. ಫ್ರಿಜ್‌ಗೆ ಇಡುವಾಗ ಪಾತ್ರೆಯ ಹೊರಗೆ ಕೈ ಇಟ್ಟರೆ ಉಗುರು ಬೆಚ್ಚಗೆ ಇತ್ತು, ಅಷ್ಟೇ. ಮೊಟ್ಟೆ ಬೆಂದ ಮೇಲೆ ಬಾವಿ ನೀರಿನ ಬಕೆಟ್‌ಗೆ ಹಾಕಿ, ನಾನೂ ಅತ್ತೆಯೂ ಕೂತು ಸುಲಿಯುತ್ತೇವೆ. ಥರ್ಮಾಮೀಟರ್ ಇಲ್ಲ ಅಣ್ಣ.

ಸವಳಂಗ ರಸ್ತೆ, ಶಿವಮೊಗ್ಗ

ಹಾಗಾದರೆ ಗೊತ್ತಾಯಿತು. ಮೊಟ್ಟೆಯದ್ದಲ್ಲ, ಫ್ರಿಜ್‌ದೂ ಅಲ್ಲ. ಸಾರು ಬಿಸಿಯಿಂದ ತಣ್ಣಗಾಗುವ ದಾರಿಯಲ್ಲಿ ನಡುವೆ ತುಂಬಾ ಹೊತ್ತು ನಿಂತುಬಿಟ್ಟಿದೆ. ನಾನು ಹದಿನೈದು ವರ್ಷದಿಂದ ಕ್ಯಾಟರಿಂಗ್ ಅಡುಗೆಮನೆಯಲ್ಲಿ ಇದ್ದೇನೆ. ರಾತ್ರಿ ಅಡುಗೆ ಕೆಟ್ಟಿತು ಅಂತ ಬಂದ ಜಾಸ್ತಿ ಪ್ರಕರಣಗಳಲ್ಲಿ ಕಾರಣ ಇದೇ ಇರುತ್ತದೆ.

ಕುದಿಸಿದರೆ ಎಲ್ಲಾ ಸತ್ತುಹೋಗುತ್ತದೆ ಅಂತ ನಾವು ನಂಬಿರುತ್ತೇವೆ. ಮೊಟ್ಟೆಯಿಂದ ಬರುವ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಸಾಯುತ್ತದೆ, ನಿಜ. ಆದರೆ ಕೊತ್ತಂಬರಿ, ಮೆಣಸು, ಈರುಳ್ಳಿ ಇವೆಲ್ಲ ಮಣ್ಣಿನ ನಂಟಿನವು. ಅವುಗಳ ಜೊತೆ ಬರುವ ಬ್ಯಾಸಿಲಸ್ ಸೀರಿಯಸ್, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಥರದ ಸೂಕ್ಷ್ಮಾಣುಗಳು ಬೀಜದ ಹಾಗೆ ಗಟ್ಟಿ ಕವಚ ಕಟ್ಟಿಕೊಂಡು ಕುದಿಯಲ್ಲೂ ಬದುಕುತ್ತವೆ. ಸಾರು 50 ಡಿಗ್ರಿಗಿಂತ ಕೆಳಗೆ ಇಳಿದ ಕೂಡಲೇ ಮೊಳೆಯುತ್ತವೆ. ಪರ್ಫ್ರಿಂಜೆನ್ಸ್‌ಗೆ 43ರಿಂದ 45 ಡಿಗ್ರಿ ಅಂದರೆ ಹಬ್ಬ. ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿ ಆಗಬಲ್ಲದು. ಹಾಗೆ ಮೂರು ಗಂಟೆ ಬಿಟ್ಟರೆ ಒಂದು ಹೋಗಿ ಎರಡೂವರೆ ಲಕ್ಷ ದಾಟುತ್ತದೆ. ನಿಮ್ಮ ಡಬರಿಯಲ್ಲಿ ಯಾವುದು ಬೆಳೆದಿತ್ತು ಅಂತ ಲ್ಯಾಬ್ ಮಾತ್ರ ಹೇಳಬಲ್ಲದು. ಆದರೆ ನೊರೆ ಬಂದಿದೆ ಅಂದರೆ ಗಾಳಿ ಬಿಡುವ ಯಾವುದೋ ಒಂದು ಚೆನ್ನಾಗಿ ಬೆಳೆದಿದೆ.

ಈಗ ಆ 17 ಸೆಂಟಿಮೀಟರ್. ಮಸಾಲೆ ಸಾರು ಮಂದ. ಕಲಕದೆ ಬಿಟ್ಟರೆ ನಡುವಿನ ಬಿಸಿ ಹೊರಗೆ ಬರುವುದೇ ಕಷ್ಟ. ಆಳ ಅರ್ಧ ಮಾಡಿದರೆ ತಣಿಯುವ ಹೊತ್ತು ಅರ್ಧ ಆಗುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಪಾತ್ರೆಯ ಹೊರಗೆ ಉಗುರು ಬೆಚ್ಚಗೆ ಇದ್ದರೂ ನಡುವೆ ಅದಕ್ಕಿಂತ ತುಂಬಾ ಬಿಸಿ ಇರುತ್ತದೆ. ಕೈ ಮೋಸ ಮಾಡುತ್ತದೆ ಅಕ್ಕಾ. ಅಂಥ ಡಬರಿಯನ್ನು ಮನೆಯ ಫ್ರಿಜ್‌ಗೆ ತಳ್ಳಿದರೆ ಫ್ರಿಜ್ಜೇ ಬಿಸಿಯಾಗುತ್ತದೆ, ಪಕ್ಕದ ಹಾಲು ಮೊಸರಿಗೂ ತೊಂದರೆ. ಮೇಲಿಂದ ಮೂರು ಗಂಟೆ ಕರೆಂಟ್ ಇಲ್ಲ. ತಣ್ಣಗಿನ ಸಾಮಾನು ತುಂಬಿ ಬಾಗಿಲು ಮುಚ್ಚಿದ ಫ್ರಿಜ್ ನಾಲ್ಕು ಗಂಟೆ ತಡೆಯುತ್ತದೆ. ಒಳಗೆ ಬಿಸಿ ಸಾರು ಇದ್ದರೆ ಆ ಲೆಕ್ಕ ನಡೆಯುವುದಿಲ್ಲ.

ಚಳಿ ಇದೆಯಲ್ಲ ಅಂದಿರಿ. ನಮ್ಮ ಮಲೆನಾಡಿನ ಮಳೆಗಾಲದ ಚಳಿ ಮೈಗೆ ಚಳಿ. ಮನೆಯೊಳಗೆ 22, 23 ಡಿಗ್ರಿ ಇರುತ್ತದೆ. ಸೂಕ್ಷ್ಮಾಣುಗಳಿಗೆ 5ರಿಂದ 60 ಡಿಗ್ರಿವರೆಗೆ ಎಲ್ಲವೂ ಬಯಲೇ. ಬೇಸಿಗೆಯಲ್ಲಿ ಕೆಡಲಿಲ್ಲ ಅಂದರೆ ಆಗ ಬೇಗ ಖರ್ಚಾಗಿರಬೇಕು, ಅಥವಾ ಪ್ರಮಾಣ ಕಡಿಮೆ ಇದ್ದಿರಬೇಕು. ಹೌದಾ?

ನಿಯಮ ಏನು ಹೇಳುತ್ತದೆ ನೋಡಿ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಅಡುಗೆ ಘಟಕಗಳಿಗೆ ಇಟ್ಟಿರುವ ತಪಾಸಣೆ ಪಟ್ಟಿಯ ಪ್ರಕಾರ ಬೇಯಿಸಿದ ಆಹಾರ 60ರಿಂದ 21 ಡಿಗ್ರಿಗೆ 2 ಗಂಟೆಯೊಳಗೆ ಇಳಿಯಬೇಕು, ಅಲ್ಲಿಂದ 5 ಡಿಗ್ರಿಗೆ ಇನ್ನೂ 2 ಗಂಟೆಯೊಳಗೆ. ಅಮೆರಿಕದ ಆಹಾರ ಸುರಕ್ಷತಾ ನಿಯಮಾವಳಿ ಫುಡ್ ಕೋಡ್‌ನಲ್ಲಿ ಮೊದಲ ಹಂತ ಹೆಚ್ಚುಕಡಿಮೆ ಇದೇ, 57ರಿಂದ 21ಕ್ಕೆ 2 ಗಂಟೆ. 5 ಡಿಗ್ರಿ ಮುಟ್ಟಲು ಒಟ್ಟು 6 ಗಂಟೆ ಕೊಡುತ್ತಾರೆ. ಎರಡರಲ್ಲೂ ಮೊದಲ ಹಂತಕ್ಕೆ ಸಡಿಲ ಇಲ್ಲ. ಅಪಾಯದ ಬಿಸಿ ಇರುವುದು ಅಲ್ಲೇ.

ಮಾಡುವುದು ಹೀಗೆ. ಒಲೆ ಆರಿಸಿದ ಕೂಡಲೇ ಸಾರನ್ನು ನಾಲ್ಕು ಸ್ಟೀಲ್ ಟ್ರೇಗೆ ಹಂಚಿ. ಆಳ 5 ಸೆಂಟಿಮೀಟರ್ ದಾಟಬಾರದು. ಟ್ರೇಗಳನ್ನು ಅಗಲದ ಬೇಸಿನ್‌ನಲ್ಲಿ ಬಾವಿ ನೀರಿನ ಮೇಲೆ ಕೂರಿಸಿ, ಐದು ನಿಮಿಷಕ್ಕೊಮ್ಮೆ ಕಲಕಿ. ನೀರು ಬೆಚ್ಚಗಾದರೆ ಬದಲಿಸಿ. ಬಾವಿ ನೀರು ಸಾರನ್ನು 30ರ ಹತ್ತಿರ ತರುತ್ತದೆ, ಅದಕ್ಕಿಂತ ಕೆಳಗೆ ಅದರ ಕೈಲಿ ಆಗುವುದಿಲ್ಲ. ಅಲ್ಲಿಂದ ಬೇಸಿನ್ ನೀರಿಗೆ ಐಸ್ ಬೇಕು. 12 ಲೀಟರ್ ಸಾರನ್ನು 30ರಿಂದ 10ಕ್ಕೆ ಇಳಿಸಲು ಲೆಕ್ಕದ ಪ್ರಕಾರ 3 ಕೆಜಿ ಐಸ್ ಕರಗಬೇಕು. ಸುತ್ತಲಿನ ಬಿಸಿಯನ್ನೂ ಸೇರಿಸಿ 5 ಕೆಜಿ ಇಟ್ಟುಕೊಳ್ಳಿ. ಶುಕ್ರವಾರವೇ ಒಂದೊಂದು ಲೀಟರಿನ ಏಳು ಬಾಟಲಿಗೆ ಮುಕ್ಕಾಲು ನೀರು ತುಂಬಿ ಫ್ರೀಜರ್‌ಗೆ ಹಾಕಿ. ಮೀನು ಅಂಗಡಿಯ ಐಸ್ ಮಾತ್ರ ಬೇಡ. ಅದು ಕುಡಿಯುವ ನೀರಿನದ್ದಾಗಿರುವುದಿಲ್ಲ, ಒಂದು ಹನಿ ಟ್ರೇಗೆ ಸಿಡಿದರೂ ಕೆಲಸ ಕೆಟ್ಟ ಹಾಗೆ. 15 ಡಿಗ್ರಿಗೆ ಬಂದ ಮೇಲೆ ಫ್ರಿಜ್. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪೂರ್ತಿ ತಣಿಯುವವರೆಗೆ ಮುಚ್ಚಳ ಓರೆ ಇರಲಿ.

ಕುದಿಸಿದರೆ ಸರಿಹೋಗುತ್ತಿತ್ತಾ ಅಂತ ಯಾರಾದರೂ ಕೇಳಬಹುದು. ಇಲ್ಲ. ಬ್ಯಾಸಿಲಸ್ ಬಿಟ್ಟುಹೋಗುವ ವಾಂತಿ ವಿಷ ಕುದಿಗೆ ಬಗ್ಗುವುದಿಲ್ಲ. ವಾಸನೆ ಬಂದಿದ್ದು ಒಂದು ಲೆಕ್ಕದಲ್ಲಿ ನಿಮ್ಮ ಪುಣ್ಯ. ಎಷ್ಟೋ ಸಲ ವಾಸನೆಯೇ ಇರುವುದಿಲ್ಲ.

ಜೋಗದ ದಾರಿ, ಸಾಗರ

ಸುಲಿಯುವ ವಿಷಯ ಬಿಟ್ಟುಹೋಯಿತು ಅಣ್ಣ. ನಮ್ಮಲ್ಲೂ ತಲೆತಲಾಂತರದಿಂದ ಬೆಂದ ಮೊಟ್ಟೆಯನ್ನು ಬಾವಿ ನೀರಿಗೇ ಹಾಕುತ್ತೇವೆ. ಸಿಪ್ಪೆ ಚೆನ್ನಾಗಿ ಬಿಡುತ್ತದೆ. ಅದರಲ್ಲೂ ತಪ್ಪಿದೆಯಾ?

ಸವಳಂಗ ರಸ್ತೆ, ಶಿವಮೊಗ್ಗ

ಒಳ್ಳೆ ಕೆಲಸ ಮಾಡಿದಿರಿ, ಅದನ್ನೇ ಮುಂದೆ ಬರೆಯುವವನಿದ್ದೆ.

ತಣ್ಣೀರಿಗೆ ಹಾಕುವುದು ತಪ್ಪಲ್ಲ, ಬೇಕೇ ಬೇಕು. ಬೇಗ ತಣಿಸಿದರೆ ಹಳದಿಯ ಸುತ್ತ ಆ ಹಸಿರು ಉಂಗುರವೂ ಬರುವುದಿಲ್ಲ. ಬಿಳಿ ಭಾಗದ ಗಂಧಕ, ಹಳದಿ ಭಾಗದ ಕಬ್ಬಿಣ ಸೇರಿ ಆಗುವ ಬಣ್ಣ ಅದು. ತಿಂದರೆ ತೊಂದರೆ ಇಲ್ಲ. ಆದರೆ ಜಾಸ್ತಿ ಬೇಯಿಸಿದಿರಿ ಅಥವಾ ನಿಧಾನ ತಣಿಸಿದಿರಿ ಅಂತ ಮೊಟ್ಟೆ ತಾನೇ ಹೇಳುತ್ತದೆ. ಒಂದು ಮೊಟ್ಟೆ ಕೊಯ್ದು ನೋಡುವುದು ನನ್ನ ಅಭ್ಯಾಸ.

ತಪ್ಪಿರುವುದು ಯಾವ ನೀರು ಅನ್ನುವುದರಲ್ಲಿ. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ತೂತುಗಳಿವೆ. ಬಿಸಿ ಮೊಟ್ಟೆ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬಿರುಕು ಬಿಟ್ಟಿದ್ದರಂತೂ ಹೇಳುವುದೇ ಬೇಡ. ಮಳೆಗಾಲದಲ್ಲಿ ಬಾವಿಗೆ ಅಂಗಳದ ನೀರು, ಕೊಟ್ಟಿಗೆ ಕಡೆಯ ನೀರು ಎಲ್ಲಾ ಇಳಿದಿರುತ್ತದೆ, ಅಲ್ವಾ? ಹಾಗಾಗಿ ನೇರ ಮೊಟ್ಟೆಗೆ ತಾಗುವ ನೀರನ್ನು ಮೊದಲೇ ಕುದಿಸಿ ಆರಿಸಿಡಿ. ಅದಕ್ಕೆ ಹೊರಗೆ ತೊಳೆದ ಒಂದು ಐಸ್ ಬಾಟಲಿ ಇಳಿಬಿಟ್ಟರೆ ಸಾಕು. ಟ್ರೇ ಕೆಳಗಿನ ನೀರು ಬಾವಿಯದ್ದೇ ಆದರೂ ಪರವಾಗಿಲ್ಲ.

ಇನ್ನು ಕೈ. ಸುಲಿದ ಮೊಟ್ಟೆ ಬರಿ ಮೈಯಲ್ಲಿರುವ ಮಗು ಇದ್ದ ಹಾಗೆ. ಚಿಪ್ಪಿಲ್ಲ, ಹಸಿ ಬಿಳಿಯಲ್ಲಿದ್ದ ಕಾವಲು ಗುಣವೂ ಬೇಯಿಸಿದಾಗ ಹೋಗಿರುತ್ತದೆ. ನಮ್ಮ ಚರ್ಮ, ಮೂಗಿನಲ್ಲಿ ಸ್ಟೆಫೈಲೋಕಾಕಸ್ ಅನ್ನುವ ಸೂಕ್ಷ್ಮಾಣು ಇರುವುದು ಸಾಮಾನ್ಯ. ಕೈಯಲ್ಲಿ ಗಾಯ ಇದ್ದರೆ ಇನ್ನೂ ಜಾಸ್ತಿ. ಅದರ ವಿಷವೂ ಕುದಿಸಿದರೆ ಹೋಗುವುದಿಲ್ಲ. ಸೋಪಿನಲ್ಲಿ ಕೈ ತೊಳೆದು ಗ್ಲೌಸ್ ಹಾಕಿ ಸುಲಿಯಿರಿ. ಅತ್ತೆಯವರಿಗೂ ಒಂದು ಜೊತೆ ಕೊಡಿ. ಅಡಿಕೆ ಸುಲಿದು ಬೆರಳು ಸೀಳಿರುವ ಕೈಯಾದರೆ ಆ ದಿನ ಬೇರೆ ಕೆಲಸ ಮಾಡಲಿ. 2019ರಲ್ಲಿ ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ಬೇಯಿಸಿ ಸುಲಿದು ಮಾರಿದ ಮೊಟ್ಟೆಯಿಂದ ಲಿಸ್ಟೀರಿಯಾ ಅನ್ನುವ ರೋಗಾಣು ಹರಡಿ ಜನ ಆಸ್ಪತ್ರೆ ಸೇರಿದರು. ಲಿಸ್ಟೀರಿಯಾ ಫ್ರಿಜ್‌ನ ತಂಪಲ್ಲೂ ನಿಧಾನಕ್ಕೆ ಬೆಳೆಯುತ್ತದೆ, ಅದಕ್ಕೇ ಸುಲಿದದ್ದನ್ನು ದಿನಗಟ್ಟಲೆ ಇಡಬೇಡಿ ಅನ್ನುವುದು. ಚಿಪ್ಪಿನ ಸಮೇತ ಬೇಗ ತಣಿಸಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ನಡೆಯುತ್ತದೆ.

ಬೇಕರಿ ಹುಡುಗ, ಭದ್ರಾವತಿ

ಸಂಬಂಧಪಟ್ಟ ಪ್ರಶ್ನೆ ಅಂತ ಇಲ್ಲೇ ಕೇಳುತ್ತಿದ್ದೇನೆ. ನಾವು ಕೇಕಿಗೆ ರಾತ್ರಿಯೇ 300 ಮೊಟ್ಟೆ ಒಡೆದು ಬಕೆಟ್‌ನಲ್ಲಿ ಇಡುತ್ತೇವೆ. ಮನೆಯಲ್ಲೇ ಪಾಶ್ಚರೀಕರಣ, ಅಂದರೆ ಮೊಟ್ಟೆ ಗಟ್ಟಿಯಾಗದ ಹಾಗೆ ಹದವಾಗಿ ಬಿಸಿ ಮಾಡಿ ರೋಗಾಣು ಕೊಲ್ಲುವುದು, ಮಾಡಬಹುದಾ?

ಸವಳಂಗ ರಸ್ತೆ, ಶಿವಮೊಗ್ಗ

ತಮ್ಮಾ, ಆ ಪ್ರಯತ್ನ ಬೇಡ. ಅಮೆರಿಕದ ಘಟಕಗಳಲ್ಲಿ ಒಡೆದ ಇಡೀ ಮೊಟ್ಟೆಯನ್ನು 60 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಹಿಡಿಯುತ್ತಾರೆ, ಬ್ರಿಟನ್‌ನಲ್ಲಿ 64.4 ಡಿಗ್ರಿಯಲ್ಲಿ ಎರಡೂವರೆ ನಿಮಿಷ. ಹರಿಯುವ ಪೈಪಿನಲ್ಲಿ ಯಂತ್ರ ಹಿಡಿಯುವ ಲೆಕ್ಕ ಅದು, ಮರುಕ್ಷಣವೇ ತಣಿಸುತ್ತಾರೆ. ಒಲೆ ಮೇಲೆ ಮಾಡಲು ಹೋದರೆ ತಳದಲ್ಲಿ ಗಟ್ಟಿ, ಮೇಲೆ ಹಸಿ. 300ರಲ್ಲಿ ಒಂದು ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇದ್ದರೂ ಬಕೆಟ್ ಪೂರ್ತಿ ಅದೇ. ಬೆಳಗ್ಗೆ ಬಂದು, ಬೇಕಾದಷ್ಟೇ ಒಡೆಯಿರಿ. ಓವನ್‌ನಲ್ಲಿ ಪೂರ್ತಿ ಬೇಯುವ ಕೇಕಿಗೆ ಅದು ಸರಿ, ಹಸಿ ಮೊಟ್ಟೆಯ ಕ್ರೀಮು ಮಯೊನೀಸ್‌ಗೆ ಅದೂ ಬೇಡ.

ತುಂಗಾತೀರ, ತೀರ್ಥಹಳ್ಳಿ

ಶನಿವಾರ ಮಾಡಿ ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊನೆ ಚುಚ್ಚುವ ಥರ್ಮಾಮೀಟರ್ ತಂದೆ. ಮೊದಲು ಕುದಿಯುವ ನೀರಲ್ಲಿ ಇಟ್ಟರೆ 98 ತೋರಿಸಿತು. ಕೆಟ್ಟ ಮಾಲು ಕೊಟ್ಟರಾ ಅನ್ನಿಸಿತು.

ಟ್ರೇಗೆ ಹಂಚಿದ್ದು 9.20ಕ್ಕೆ, ಆಗ 84. ನೀರು ಎರಡು ಸಲ ಬದಲಿಸಿದೆ. 9.35ಕ್ಕೆ 60, 10ಕ್ಕೆ 34. ಬಾಟಲಿ ಐಸ್ ಹಾಕಿ ಕಲಕುತ್ತಾ ಕೂತೆ. 10.40ಕ್ಕೆ 19. ಫ್ರಿಜ್‌ಗೆ ಇಟ್ಟಿದ್ದು 11ಕ್ಕೆ, 15 ಡಿಗ್ರಿಯಲ್ಲಿ. 12.30ಕ್ಕೆ ಎದ್ದು ನೋಡಿದರೆ ಮೂರು ಟ್ರೇ 5, ಒಂದು ಮಾತ್ರ 8. ಅದನ್ನು ಮೇಲಿನ ಶೆಲ್ಫ್‌ನಲ್ಲಿ ಮೂಲೆಗೆ ಒತ್ತಿದ್ದೆ. ಅದನ್ನು ಕೆಳಗೆ ಇಟ್ಟು ಸುತ್ತ ಎರಡು ಐಸ್ ಬಾಟಲಿ ನಿಲ್ಲಿಸಿದೆ. ಬೆಳಗ್ಗೆ ಸಾರು ನೆಟ್ಟಗಿತ್ತು. ಅಷ್ಟು ಹೊತ್ತು ಕಲಕುತ್ತಾ ಕೂತಾಗ ಒಂದು ಸಲವೂ ಬೇಸರ ಆಗಲಿಲ್ಲ. ಆ 8 ಡಿಗ್ರಿಯ ಟ್ರೇ ಕೊಡಬಹುದಿತ್ತಾ?

ಸವಳಂಗ ರಸ್ತೆ, ಶಿವಮೊಗ್ಗ

ಕೊಡಬಹುದಿತ್ತು ಅಕ್ಕಾ. 10.40ಕ್ಕೇ 21 ದಾಟಿ ಇಳಿದಿದ್ದೀರಿ, ಐದಕ್ಕೆ ಇಳಿಸಲು ಸುಮಾರು 12.30ರವರೆಗೆ ಹೊತ್ತಿತ್ತು. ಐಸ್ ನಿಲ್ಲಿಸಿದ್ದು ಒಳ್ಳೆಯದಾಯಿತು. ಸ್ವಲ್ಪ ಮೀರಿದ್ದರೂ ಅಮೆರಿಕದ ಆರು ಗಂಟೆಯ ಲೆಕ್ಕದೊಳಗೆ ಇರುತ್ತಿತ್ತು. ಆದರೆ ಮುಂದಿನ ವಾರ ಮೂಲೆ ಬೇಡ.

ಥರ್ಮಾಮೀಟರ್ ಸರಿಯಾಗಿದೆ, ಬದಲಿಸಬೇಡಿ. ನಮ್ಮೂರುಗಳು ಸಮುದ್ರಕ್ಕಿಂತ ಸುಮಾರು 600 ಮೀಟರ್ ಮೇಲೆ. 300 ಮೀಟರ್‌ಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ, ಇಲ್ಲಿ ನೀರು 98ಕ್ಕೇ ಕುದಿಯುತ್ತದೆ. ಪುಡಿ ಐಸ್ ನೀರಲ್ಲೂ ಒಮ್ಮೆ ಇಟ್ಟು ನೋಡಿ, ಸೊನ್ನೆ ಬರಬೇಕು.

ಬೆಳಗ್ಗೆ ಬಿಸಿ ಮಾಡುವಾಗ ನಡುವೆ 75 ಡಿಗ್ರಿ ಬಂದ ಮೇಲೆ ಎರಡು ನಿಮಿಷ ಹಾಗೇ ಬಿಡಿ. ಹೋಂಸ್ಟೇ ತಲುಪಿ ಬಡಿಸುವವರೆಗೆ 60ಕ್ಕಿಂತ ಕೆಳಗೆ ಬರಬಾರದು. ಹಾಟ್‌ಬಾಕ್ಸ್‌ಗೆ ಮೊದಲು ಬಿಸಿ ನೀರು ಹಾಕಿ ಹತ್ತು ನಿಮಿಷ ಇಟ್ಟು ಚೆಲ್ಲಿ, ಆಮೇಲೆ ಸಾರು ಹಾಕಿ. ಉಳಿದದ್ದನ್ನು ವಾಪಸ್ ತಂದು ಮತ್ತೆ ತಣಿಸಬೇಡಿ.

ನನ್ನನ್ನು ಕೇಳಿದರೆ ಇನ್ನೊಂದು ದಾರಿಯೂ ಇದೆ. ರಾತ್ರಿ ಈರುಳ್ಳಿ ಮಸಾಲೆ ಮಾತ್ರ ಹುರಿದು ಸಣ್ಣ ಪಾತ್ರೆಯಲ್ಲಿ ತಣಿಸಿ ಇಡಿ. ಮೊಟ್ಟೆ ಚಿಪ್ಪಿನಲ್ಲೇ ಫ್ರಿಜ್‌ನಲ್ಲಿರಲಿ. ಕಾಯಿ ರುಬ್ಬಿ ಸೇರಿಸುವುದು ಬೆಳಗ್ಗೆ. ಆಗ 12 ಲೀಟರ್ ಬದಲು ಎರಡೇ ಲೀಟರ್ ತಣಿಸಿದರೆ ಸಾಕು, ಕರೆಂಟ್ ಹೋದರೂ ಭಯ ಇಲ್ಲ.

ತುಂಗಾತೀರ, ತೀರ್ಥಹಳ್ಳಿ

ಅದು ಹೊಳೆದಿರಲೇ ಇಲ್ಲ ಅಣ್ಣ. ಕಡುಬಿನ ಎರಡನೇ ಹಬೆ ಇಳಿಸುವ ಹೊತ್ತಿಗೆ ಒಂದು ಒಲೆ ಖಾಲಿ ಇರುತ್ತದೆ, ಸಾರು ಕುದಿಸಲು ಅಷ್ಟು ಸಾಕು. ಈ ಶನಿವಾರ ಹಾಗೇ ಮಾಡುತ್ತೇನೆ. ಅತ್ತೆಗೆ ಗ್ಲೌಸ್ ದೊಡ್ಡದಾಗಿ ಜಾರುತ್ತಿದೆ, ಸಣ್ಣ ಅಳತೆಯದ್ದು ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ ಹೇಳಿ.